ಕೆಲಸಕ್ಕೆ ಬಾರದ ಸಾಮಾನು

ಮೇ ತಿಂಗಳು ಬಂತೆಂದರೆ ಕುಂದಾಪುರದ ಶನಿವಾರದ ಸಂತೆಯಲ್ಲಿ ಬೊಂಬಾಯಿಯವರನ್ನು ಗುರುತಿಸಲು ಕಷ್ಟಪಡಬೇಕಾಗಿಲ್ಲ. ಊರಿನವರು ಚೀಲ ಹಿಡಿದು ಸಂತೆಗೆ ಬರುತ್ತಾರೆ, ಅವರು ಚೀಲ ಕೊಳ್ಳುವುದರಿಂದಲೇ ಶುರು ಮಾಡುತ್ತಾರೆ. ಹನ್ನೊಂದು ತಿಂಗಳು ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಬೆವರು ಸುರಿಸಿ ಒಂದು ತಿಂಗಳ ರಜೆಯ ಮೇಲೆ ಬಂದವರು. ಹೋಗುವಾಗ ಹಲಸಿನ ಹಪ್ಪಳ, ಪುನರ್ಪುಳಿ ಸಿಪ್ಪೆ, ಕೊಚ್ಚಕ್ಕಿ, ಒಣಮೀನು ಅಂತ ಊರನ್ನೇ ಗಂಟು ಕಟ್ಟುವವರ ಹಾಗೆ ಓಡಾಡುತ್ತಾರೆ. ಪಕ್ಕದ ಖೋಲಿಯವರಿಗೆ ಕೊಡದಿದ್ದರೆ ಬೇಸರ, ಸೇಟಿಗೆ ಕೊಡದಿದ್ದರೆ ಮುಂದಿನ ಸಲ ರಜೆಯೇ ಇಲ್ಲ.

ಕೋಡಿಯ ಜಲಜಳಿಗೆ ಈ ಬೊಂಬಾಯಿಯವರೇ ವರ್ಷದ ದೊಡ್ಡ ಗಿರಾಕಿಗಳು. ಒಣಮೀನಿನ ಸಾಲಿನಲ್ಲಿ ಇಪ್ಪತ್ತು ವರ್ಷದಿಂದ ಅದೇ ಜಾಗದಲ್ಲಿ ಗೋಣಿ ಹಾಸಿ ಕೂತವಳು ಅವಳು. ಪಕ್ಕದಲ್ಲಿ ತಂಗಿ ಪದ್ದು. ಇಬ್ಬರಿಗೂ ಗಂಡಂದಿರಿಲ್ಲ, ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಅಕ್ಕ ತೂಗುವುದು, ತಂಗಿ ಕಟ್ಟಿಕೊಡುವುದು. ಗಿರಾಕಿಯ ಜೊತೆ ಜಗಳ ಬಿದ್ದರೆ ಅದೂ ತಂಗಿಯದೇ ಪಾಲು, ಅಕ್ಕನಿಗೆ ಅಷ್ಟು ಬಾಯಿಯಿಲ್ಲ. ಮಗನನ್ನು ಬಯ್ಯುವಾಗ ಮಾತ್ರ ಎಲ್ಲಿಂದಲೋ ಬಾಯಿ ಬರುತ್ತಿತ್ತು.

ಆ ಮಗ ಈಗ ಇಲ್ಲ. ನಾನು ಹೇಳುತ್ತಿರುವುದು ಎರಡು ಸಾವಿರದ ಮೂರರ ಮೇ ತಿಂಗಳ ಮಾತು. ಅದರ ಹಿಂದಿನ ಡಿಸೆಂಬರಿನಲ್ಲಿ ಜಲಜಳ ಒಬ್ಬನೇ ಮಗ ನಿತೇಶ್ ಬೊಂಬಾಯಿಯಲ್ಲಿ ಲೋಕಲ್ ರೈಲಿನಿಂದ ಬಿದ್ದು ಸತ್ತ. ಇಪ್ಪತ್ನಾಲ್ಕು ವರ್ಷ. ಅವನು ಸಪ್ಲೈಯರ್ ಆಗಿದ್ದ ಹೋಟೆಲಿನಲ್ಲೇ ಯಡ್ತರೆಯ ಪ್ರೇಮಾನಂದ ಅಡುಗೆಯವನು. ಹುಡುಗನನ್ನು ಊರಿಂದ ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿದವನೂ ಅವನೇ, ತನ್ನ ಖೋಲಿಯಲ್ಲಿ ಮಲಗಲು ಜಾಗ ಕೊಟ್ಟವನೂ ಅವನೇ. ಅವನ ಫೋನು ಬಂದದ್ದು ಮೂರನೆಯ ದಿನ, ಸುಟ್ಟು ಮುಗಿಸಿದ ಮೇಲೆ. "ಕಾಂಬ ಹಾಂಗ್ ಇರ್ಲಿಲ್ಲ ಜಲ್ಜಕ್ಕ" ಎಂದಷ್ಟೇ ಹೇಳಿ ಫೋನು ಇಟ್ಟಿದ್ದ. ಆಮೇಲೆ ಊರಿಗೆ ಬರುವವರ ಕೈಯಲ್ಲಿ ಒಂದು ಕುಡಿಕೆ ಬೂದಿ, ಎರಡು ಅಂಗಿ ಬಂದವು. ಬೂದಿಯನ್ನು ಅಳಿವೆಯಲ್ಲಿ ಬಿಟ್ಟದ್ದಾಯಿತು, ಬಂದವರಿಗೆ ಊಟ ಹಾಕಿದ್ದಾಯಿತು. ಜಲಜ ಮಾತ್ರ ಅಳಲಿಲ್ಲ.

ಕೇರಿಯ ಹೆಂಗಸರು ಅಳಿಸಲು ನೋಡಿದರು. ತಾವೇ ಅತ್ತು ತೋರಿಸಿದರು. ಜಲಜ ಅವರಿಗೆ ಚಾ ಮಾಡಿ ಕೊಟ್ಟಳು. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿದು ಕಾಲು ತನ್ನದೇ ಅಲ್ಲ ಅನ್ನಿಸುತ್ತದಲ್ಲ, ಹಾಗೆ ಅವಳ ಒಳಗೆಲ್ಲ ಜೋಮು ಹಿಡಿದಿತ್ತು. ಹಸಿವಾದರೆ ಉಣ್ಣುತ್ತಿದ್ದಳು, ನಿದ್ದೆ ಬಂದರೆ ಮಲಗುತ್ತಿದ್ದಳು, ಶನಿವಾರ ಬಂದರೆ ಸಂತೆಗೆ ಹೋಗುತ್ತಿದ್ದಳು. ಯಾರಾದರೂ ಮಗನ ಮಾತೆತ್ತಿದರೆ ಬೇರೆಯವರ ಮನೆಯ ಸುದ್ದಿ ಕೇಳಿದ ಹಾಗೆ ತಲೆಯಾಡಿಸುತ್ತಿದ್ದಳು. ಹೆಣ ನೋಡಿರಲಿಲ್ಲ, ಮುಖ ನೋಡಿರಲಿಲ್ಲ. ಬೂದಿ ಯಾರದಾದರೂ ಬೂದಿಯೇ. ಯಾವುದನ್ನು ಹಿಡಿದುಕೊಂಡು ಅಳುವುದು?

ಆದರೆ ಒಂದಕ್ಕೆ ಅವಳು ಕಾಯುತ್ತಿದ್ದಳು. ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ, ಪದ್ದುವಿಗೆ ಮಾತ್ರ ಗೊತ್ತಿತ್ತು. ನಿತೇಶ್ ಪ್ರತಿ ಮೇ ತಿಂಗಳಲ್ಲಿ ರಜೆಗೆ ಬರುವಾಗ ಅಮ್ಮನಿಗೆಂದು ಒಂದು ಸಾಮಾನು ತರುತ್ತಿದ್ದ. ದೀಪಾವಳಿ ಇನಾಮು ಸಿಕ್ಕಿದ ಕೂಡಲೇ ಹಳೆ ಸಾಮಾನಿನ ಬೀದಿಗಳಲ್ಲಿ ಸುತ್ತಿ ಕೊಂಡು, ಪ್ರೇಮಾನಂದನ ಖೋಲಿಯಲ್ಲಿದ್ದ ತನ್ನ ತಗಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಿದ್ದ. ಹಾಗಿದ್ದ ಮೇಲೆ ಈ ವರ್ಷದ್ದೂ ಆ ಪೆಟ್ಟಿಗೆಯಲ್ಲಿ ಇರಬೇಕು. ಪ್ರೇಮಾನಂದ ರಜೆಗೆ ಬರುವಾಗ ಅದನ್ನು ತಂದೇ ತರುತ್ತಾನೆ. ಅದೊಂದು ಕೈಗೆ ಸಿಗಲಿ, ಆಮೇಲೆ ನೋಡೋಣ ಎಂದುಕೊಂಡು ಅವಳು ಐದು ತಿಂಗಳು ತಳ್ಳಿದ್ದಳು.

ಆ ಸಾಮಾನುಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮೊದಲ ವರ್ಷ ಅವನು ತಂದದ್ದು ಉಣ್ಣೆಯ ಕೈಗವಸು. ಕೋಡಿಯ ಸೆಕೆಯಲ್ಲಿ, ಮೀನು ಮುಟ್ಟುವ ಕೈಗೆ! ಮರುವರ್ಷ ದೊಡ್ಡ ಹೋಟೆಲುಗಳಲ್ಲಿ ಐಸಿನ ತುಂಡು ಎತ್ತುವ ಇಕ್ಕಳ. ಅದರ ಮರುವರ್ಷ ಟೈಪು ಮಾಡುವ ಮೆಷಿನ್ನು, ಅದರಲ್ಲಿ ಅರ್ಧ ಅಕ್ಷರಗಳೇ ಇಲ್ಲ, ಇದ್ದವೂ ಇಂಗ್ಲಿಷು. ಹೆಬ್ಬೆಟ್ಟೊತ್ತುವ ತಾಯಿಗೆ ಅದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಉಪಯೋಗಕ್ಕೆ ಬರುವ ಒಂದೇ ಒಂದು ವಸ್ತು ಅವನ ಕಣ್ಣಿಗೆ ಬಿದ್ದದ್ದಿಲ್ಲ. ಜಲಜ ಅವನನ್ನು ಅರ್ಧ ದಿನ ಬಯ್ಯುತ್ತಿದ್ದಳು, ಅವನು ನಗುತ್ತ ಗಂಜಿ ಉಣ್ಣುತ್ತಿದ್ದ. ಬೈದು ಮುಗಿದ ಮೇಲೆ ಸಾಮಾನನ್ನು ಒರೆಸಿ ದೇವರ ಪಟದ ಕೆಳಗೆ ಇಡುತ್ತಿದ್ದಳು. ಕೇರಿಯವರು ನೋಡಲು ಬಂದರೆ, "ನಂಗೆಂತಕೆ ಇದೆಲ್ಲ" ಅನ್ನುತ್ತ ಮುಖ ಅರಳಿಸಿಕೊಂಡು ತೋರಿಸುತ್ತಿದ್ದಳು.

ಮೇ ತಿಂಗಳ ಎರಡನೆಯ ಶನಿವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಪದ್ದು ಅಕ್ಕನ ಮೊಣಕೈ ತಿವಿದಳು.

"ಅಕ್ಕ, ಅಲ್ಕಾಣ್. ಅವ ಪ್ರೇಮಾನಂದ ಅಲ್ದಾ?"

ಒಣಮೀನಿನ ಸಾಲಿನಿಂದ ನೋಡಿದರೆ ಎರಡು ಟಾರ್ಪಾಲುಗಳ ನಡುವಿನ ಸಂದಿಯಲ್ಲಿ ಸೂರನ ಅಂಗಡಿ ಕಾಣುತ್ತದೆ. ಅಂಗಡಿ ಅಂದರೆ ನೆಲಕ್ಕೆ ಹಾಸಿದ ನಾಲ್ಕು ಗೋಣಿ. ಮನೆ ಕೆಡವುವವರ, ಮನೆ ಬದಲಾಯಿಸುವವರ ಹಳೆ ಸಾಮಾನು ಗುಜರಿಗೆ ಹೋಗುವ ಮೊದಲು ಸೂರನ ಗೋಣಿಯ ಮೇಲೆ ಒಂದು ಸುತ್ತು ಬರುತ್ತದೆ. ಬೀಗ, ಗಡಿಯಾರ, ರೇಡಿಯೋ, ಹಿಡಿಯಿಲ್ಲದ ಬಾಣಲೆ. ಆ ಗೋಣಿಯ ಮುಂದೆ ಪ್ರೇಮಾನಂದ ಕುಕ್ಕುರುಗಾಲಿನಲ್ಲಿ ಕೂತು ಸಾಮಾನು ಕೆದಕುತ್ತಿದ್ದ. ಕೊನೆಗೆ ಮೂರು ಸೆಲ್ಲಿನ ಉದ್ದನೆಯ ಬ್ಯಾಟರಿಯೊಂದನ್ನು ಎತ್ತಿಕೊಂಡ. ಬಿಸಿಲಿನಲ್ಲಿ ಬೆಳಕು ಕಾಣದೆ ಅಂಗೈ ಅಡ್ಡ ಹಿಡಿದು ಒತ್ತಿ ನೋಡಿದ. ಸೂರ ಏನೋ ಹೇಳಿದ, ಪ್ರೇಮಾನಂದ ಜೇಬಿಗೆ ಕೈಹಾಕಿ ಕೊಟ್ಟುಬಿಟ್ಟ.

"ಕಂಡ್ಯಾ? ಚೌಕಾಸಿಯೇ ಮಾಡ್ಲಿಲ್ಲ" ಎಂದಳು ಪದ್ದು. ಪ್ರೇಮಾನಂದ ಚೌಕಾಸಿಯಲ್ಲಿ ಎತ್ತಿದ ಕೈ. ಒಂದು ಕಟ್ಟು ಹರಿವೆ ಸೊಪ್ಪಿಗೆ ಅರ್ಧ ಗಂಟೆ ನಿಲ್ಲುವ ಜಾತಿ. "ಕರಿತೆ ತಡಿ. ಇಲ್ಲಿಗ್ ಬಂದವ ನಮ್ಮನ್ ಮಾತಾಡ್ಸದ್ದೇ ಹೋಪುದಾ?"

"ಕರಿಬ್ಯಾಡ. ಬಪ್ಪುದಾರೆ ಬತ್ತ."

ಅವನು ಬರಲಿಲ್ಲ. ಬ್ಯಾಟರಿಯನ್ನು ಚೀಲದ ತಳಕ್ಕೆ ತುರುಕಿ, ಮೀನಿನ ಸಾಲಿನ ಕಡೆ ತಿರುಗಿಯೂ ನೋಡದೆ, ತರಕಾರಿಯವರ ನಡುವೆ ಹಾದು ಬಸ್ಸಿನ ಕಡೆ ಹೋದ. ಯಡ್ತರೆಯಲ್ಲಿ ಕರೆಂಟು ಹೋಗುತ್ತಿರಬೇಕು ಎಂದುಕೊಂಡ ಜಲಜ ಮುಂದಿನ ಗಿರಾಕಿಗೆ ಬಂಗಡೆ ತೂಗಿದಳು.

ಮರುದಿನ ಅವನು ಕೋಡಿಗೆ ಬಂದ. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಒಳಗೆ ಬಂದು, ಗೋಡೆಯ ಮೇಲಿದ್ದ ನಿತೇಶನ ಫೋಟೋ ನೋಡಿ ತಲೆ ತಗ್ಗಿಸಿದ. ಐದು ತಿಂಗಳಲ್ಲಿ ಮನುಷ್ಯ ಅರ್ಧವಾಗಿದ್ದ, ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣಗೆ ಕಾಣುತ್ತಿತ್ತು. ಪದ್ದು ಚಾ ಇಟ್ಟಳು. ಆಮೇಲೆ ಅವನು ಚೀಲದಿಂದ ಒಂದು ಪೊಟ್ಟಣ ತೆಗೆದ. ಮರಾಠಿ ಪೇಪರಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿದ್ದ.

"ಜಲ್ಜಕ್ಕ, ಇದ್ ನಿತೇಶ ನಿಮ್ಗಂದೇಳಿ ತೆಗ್ದಿಟ್ಟದ್. ಪೆಟ್ಗಿ ಒಳ್ಗ್ ಇದ್ದಿತ್."

ಪೊಟ್ಟಣದ ಉದ್ದ ನೋಡಿಯೇ ಜಲಜಳಿಗೆ ತಿಳಿಯಿತು. ಆದರೂ ಬಿಚ್ಚಿದಳು, ದಾರವನ್ನು ಕಡಿಯದೆ ಗಂಟು ಬಿಡಿಸಿ ಬಿಚ್ಚಿದಳು. ಬ್ಯಾಟರಿಯೇ. ಪದ್ದುವಿನ ಬಾಯಿ ತೆರೆದುಕೊಂಡಿತು. ಜಲಜ ಒಮ್ಮೆ ಅವಳ ಕಡೆ ನೋಡಿದ್ದೇ ಆ ಬಾಯಿ ಮುಚ್ಚಿಕೊಂಡಿತು.

"ಎಲ್ಲ್ ತಕಂಡದ್ದ್?" ಎಂದು ಕೇಳಿದಳು ಜಲಜ.

"ದಾದರಲ್ಲ್. ಫುಟ್‌ಪಾತಿನ ಮೇಲೆ."

"ತಕಂಬತ್ತಿಗೆ ಎಂತಾರು ಹೇಳ್ದ್ನಾ?"

ಪ್ರೇಮಾನಂದ ಈ ಪ್ರಶ್ನೆಗೂ ತಯಾರಾಗಿ ಬಂದಿದ್ದ, ಪಾಪ. "ಅಮ್ಮ ಕಪ್ಪ್ ಕತ್ಲಿಗ್ ಎದ್ದ್ ಮೀನಿಗ್ ಹೋತ್ಳ್, ಕೈಯಲ್ಲ್ ಒಂದ್ ಬೆಳ್ಕಿಲ್ಲ. ಇದಾರೆ ಉಪಯೋಗಕ್ ಬತ್ತತ್ ಅಂದ."

"ಉಪಯೋಗಕ್ ಬತ್ತತ್ ಅಂದ್ನಾ?"

"ಹ್ಞೂಂ."

"ನಿತೇಶ ಹಾಂಗಂದ್ನಾ?"

"ಹೌದ್ ಜಲ್ಜಕ್ಕ."

ಸೂರನ ಗೋಣಿಯ ಮುಂದೆ ಅವನನ್ನು ನೋಡದೇ ಇದ್ದಿದ್ದರೂ ಈ ಮಾತಿನಲ್ಲೇ ಸಿಕ್ಕಿಬೀಳುತ್ತಿದ್ದ. ಅಮ್ಮನಿಗೆ ಏನು ಬೇಕು ಅನ್ನುವುದು ನಿತೇಶನ ತಲೆಗೆ ಎಂದಾದರೂ ಹೊಕ್ಕದ್ದುಂಟೆ? ಅಮ್ಮನಿಗೆ ಏನೇನು ಬೇಡವೋ ಅದನ್ನೆಲ್ಲ ಹುಡುಕಿ ತರುವವನು ಅವನು. ಜಲಜಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬ್ಯಾಟರಿಯನ್ನು ಒತ್ತಿದಳು. ಒಳ್ಳೆಯ ಬೆಳಕು, ಗೋಡೆಯ ಮೂಲೆಯ ತನಕ ಮುಟ್ಟಿತು. "ಚಂದ ಇತ್ತ್" ಎಂದಳು. ಪ್ರೇಮಾನಂದ ಇಡೀ ಮೈ ಸಡಿಲಿಸಿ ಉಸಿರು ಬಿಟ್ಟ. ಚಾ ಕುಡಿದ, ಮೀನು ಸಾರಿನಲ್ಲಿ ಊಟವನ್ನೂ ಮಾಡಿದ. ಮುಂದಿನ ಸೋಮವಾರ ರೈಲು, ಅದರ ಮೊದಲು ಶನಿವಾರ ಸಂತೆಗೆ ಬಂದು ಚಟ್ಲಿ, ಅಂದರೆ ಒಣಸಿಗಡಿ, ಕೊಂಡುಹೋಗುತ್ತೇನೆ ಎಂದು ಹೇಳಿ ಹೊರಟ.

ಅವನು ಗೇಟು ದಾಟುವ ತನಕ ಪದ್ದು ಹೇಗೆ ತಡೆದುಕೊಂಡಳೋ ದೇವರಿಗೇ ಗೊತ್ತು.

"ಅಕ್ಕ, ಅದ್ ಸೂರನ ಬ್ಯಾಟ್ರಿ. ನಾನ್ ಕಣ್ಣಾರೆ ಕಂಡಿದೆ."

"ನಾನೂ ಕಂಡಿದೆ."

"ಮತ್ತೆ ಎಂತಕ್ ಸುಮ್ನಿದ್ದೆ? ಸತ್ತ ಗಂಡಿನ ಹೆಸ್ರ್ ಹೇಳಿ ಸುಳ್ಳ್ ಹೇಳುದಾ ಅವ?"

"ಬರಿಗೈಯಲ್ಲ್ ಬಪ್ಪುಕೆ ಕಾಲ್ ಬರ್ಲಿಲ್ಲ ಅವ್ನಿಗೆ. ಬಿಡ್ ಪದ್ದು."

ಪದ್ದು ಬಿಟ್ಟಳು. ಆದರೆ ಜಲಜಳ ತಲೆ ಬಿಡಲಿಲ್ಲ. ಪಾತ್ರೆ ತಿಕ್ಕುತ್ತ ಯೋಚಿಸಿದಳು, ಮೀನು ಒಣಹಾಕುತ್ತ ಯೋಚಿಸಿದಳು. ಪ್ರೇಮಾನಂದ ಸಂತೆಯಲ್ಲಿ ಕೊಂಡು ತಂದ ಅಂದರೆ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ ಅಂದ ಹಾಗಾಯಿತು. ಈ ವರ್ಷದ ಸಾಮಾನು ಇಲ್ಲ. ಇನಾಮು ತಡವಾಯಿತೋ, ಕಣ್ಣಿಗೆ ಹಿಡಿಸಿದ್ದು ಸಿಗಲಿಲ್ಲವೋ, ಕೊಳ್ಳುವ ಮೊದಲೇ ಹೋಗಿಬಿಟ್ಟ. ಮತ್ತೆ, ಬದುಕಿರುವವನ ಹೆಸರಿನಲ್ಲಿ ಯಾರೂ ಹೀಗೆ ಸುಳ್ಳು ಪೊಟ್ಟಣ ಕಟ್ಟಿ ತರುವುದಿಲ್ಲ. ಬೂದಿ ಹೇಳದ್ದನ್ನು ಈ ಬ್ಯಾಟರಿ ಹೇಳಿತ್ತು. ನಿತೇಶ ಸತ್ತಿದ್ದಾನೆ ಎಂಬ ಮಾತು ಅವಳೊಳಗೆ ಮೊದಲ ಸಲ ನೆಟ್ಟಗೆ ನಿಂತಿತು.

ನಿಂತಿತು, ಅಷ್ಟೇ. ಅಳು ಬರಲಿಲ್ಲ. ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಅಳಲು ನೋಡಿದಳು. ಬ್ಯಾಟರಿಯಲ್ಲಿ ಬಯ್ಯಲು ಒಂದು ಕುಂದೂ ಇರಲಿಲ್ಲ. ಮಗ ತಂದದ್ದನ್ನು ಬಯ್ಯದೆ ಅವಳು ಎಂದೂ ಕೈಗೆ ತೆಗೆದುಕೊಂಡವಳಲ್ಲ, ಬಯ್ಯದೆ ಪ್ರೀತಿ ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ದೇವರ ಪಟದ ಕೆಳಗೆ ಇಡಲು ಹೋದಳು. ಕೈಗವಸು, ಇಕ್ಕಳ, ಟೈಪಿನ ಮೆಷಿನ್ನುಗಳ ಪಕ್ಕದಲ್ಲಿ ಬ್ಯಾಟರಿ ಯಾರದೋ ಮನೆಯಿಂದ ಬಂದ ನೆಂಟನ ಹಾಗೆ ನೆಟ್ಟಗೆ ನಿಂತಿತ್ತು. ವಾಪಸು ತೆಗೆದಳು.

ಶನಿವಾರ ಅದನ್ನು ಮೀನಿನ ಬುಟ್ಟಿಯಲ್ಲಿ ಹಾಕಿಕೊಂಡೇ ಸಂತೆಗೆ ಹೋದಳು. ಕುಂದಾಪುರದ ಸಂತೆಯ ಮಾರುವವರಲ್ಲಿ ಬದಲಿ ಮಾಡಿಕೊಳ್ಳುವ ರೂಢಿ ಇತ್ತು. ಉಳಿದ ಮಾಲನ್ನು ಹೊತ್ತು ಹೋಗುವ ಬದಲು ಒಣಮೀನು ಕೊಟ್ಟು ಬದನೆ ತೆಗೆದುಕೊಳ್ಳುವುದು, ಬದನೆ ಕೊಟ್ಟು ಬಳೆ ತೆಗೆದುಕೊಳ್ಳುವುದು. ಸಾಮಾನ್ಯವಾಗಿ ಅದು ಸಂತೆ ಏಳುವ ಹೊತ್ತಿನ ಕೆಲಸ. ಜಲಜ ಬೆಳಿಗ್ಗೆಯೇ, ಗೋಣಿ ಹಾಸುವ ಮೊದಲೇ, ಸೂರನ ಮುಂದೆ ಹೋಗಿ ಬ್ಯಾಟರಿ ಇಟ್ಟಳು.

ಸೂರ ಬ್ಯಾಟರಿಯನ್ನು ನೋಡಿದ, ಅವಳನ್ನು ನೋಡಿದ. "ಇದ್ ನಿಮ್ಮ್ ಕೈಗ್ ಹ್ಯಾಂಗ್ ಬಂತ್ ಜಲ್ಜಕ್ಕ? ಹೋದ್ ವಾರ ಒಬ್ರ್ ಬೊಂಬಾಯ್‌ಯವ್ರ್..."

"ಬಂತ್. ಬದ್ಲಿ ಕೊಡ್ತ್ಯಾ?"

"ಎಂತ ಬೇಕ್? ಗಡಿಯಾರ ಇತ್ತ್, ಚಲೋ ಇಸ್ತ್ರಿಪೆಟ್ಗಿ ಇತ್ತ್."

ಜಲಜ ಅವನ ಮಾತಿಗೆ ಕಾಯದೆ ಕೂತು ಹುಡುಕತೊಡಗಿದಳು. ಗಡಿಯಾರವನ್ನು ಎತ್ತಿ ಬದಿಗಿಟ್ಟಳು, ಇಸ್ತ್ರಿಪೆಟ್ಟಿಗೆಯನ್ನು ಸರಿಸಿದಳು. ಯಾವುದನ್ನು ನೋಡಿದರೂ ಉಪಯೋಗಕ್ಕೆ ಬರುವಂಥದ್ದೇ. ದಾದರಿನಲ್ಲೋ ಎಲ್ಲೋ ಮಗ ಕೂತಂತೆ ಕೂತು, ಅವನ ಕಣ್ಣಿನಲ್ಲೇ ನೋಡಬೇಕಾಗಿತ್ತು. ಎರಡು ಗೋಣಿ ಮುಗಿದವು. ಮೂರನೆಯದರ ಅಡಿಯಲ್ಲಿ ಏನೋ ಗಟ್ಟಿಯಾದದ್ದು ಕೈಗೆ ತಾಗಿತು, ಎಳೆದಳು. ಒಂದು ಬೂಟು. ಕೆಂಪು ಬಣ್ಣದ್ದು, ಅಡಿಯಲ್ಲಿ ನಾಲ್ಕು ಚಕ್ರ.

"ಹಾಸ್ಟೆಲ್ ಖಾಲಿ ಮಾಡುವತಿಗೆ ಬಿಸಾಡದ್ದ್. ಚಕ್ರದ್ ಮೇಲ್ ಜಾರುದಂಬ್ರ್" ಎಂದ ಸೂರ. "ಅದ್ ಬ್ಯಾಡ ಜಲ್ಜಕ್ಕ, ಜೋಡಿ ಇಲ್ಲ. ಎಡಗಾಲಿಂದ್ ಮಾತ್ರ ಇಪ್ಪುದ್. ಯಾರ್ ತಕಂತ್ರ್?"

ಜಲಜ ಬೆರಳಿನಿಂದ ಒಂದು ಚಕ್ರ ತಿರುಗಿಸಿದಳು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು. ಇದನ್ನು ಕಂಡಿದ್ದರೆ ನಿತೇಶ ಊಟ ಬಿಟ್ಟಾದರೂ ಕೊಳ್ಳುತ್ತಿದ್ದ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

"ನಂಗ್ ಇದೇ ಬೇಕ್" ಎಂದು ಬ್ಯಾಟರಿಯನ್ನು ಅವನ ಕಡೆ ತಳ್ಳಿ ಎದ್ದಳು.

ಹತ್ತೂವರೆಗೆ ಪ್ರೇಮಾನಂದ ಬಂದ. ಎರಡು ಹೊಸ ಚೀಲ, ಒಂದರಲ್ಲಿ ಹಪ್ಪಳದ ಕಟ್ಟು. ಈ ಸಲ ನೇರವಾಗಿ ಮೀನಿನ ಸಾಲಿಗೇ ಬಂದು ನಿಂತು ಎರಡು ಕಿಲೋ ಚಟ್ಲಿ ಕೇಳಿದ. ಕೇಳುತ್ತಿದ್ದವನ ಕಣ್ಣು ಬಂಗಡೆಯ ರಾಶಿಯ ಪಕ್ಕದಲ್ಲಿದ್ದ ಕೆಂಪು ಬೂಟಿನ ಮೇಲೆ ಬಿತ್ತು. ಆಮೇಲೆ ಟಾರ್ಪಾಲಿನ ಸಂದಿಯಲ್ಲಿ ಸೂರನ ಗೋಣಿಯ ಕಡೆ ಹೋಯಿತು. ತಾನು ಕೊಂಡಿದ್ದ ಬ್ಯಾಟರಿ ಗಡಿಯಾರದ ಪಕ್ಕದಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು.

"ಪೆಟ್ಗಿ ಒಳ್ಗ್ ಎಂತದೂ ಇರ್ಲಿಲ್ಲ ಜಲ್ಜಕ್ಕ" ಎಂದ. "ಒಂದ್ ಚಾದರ, ಒಂದ್ ಹಣಿಗೆ."

"ಗೊತ್ತಾಯ್ತ್."

"ನಾನೇ ಕರ್ಕಂಡ್ ಹೋದವ. ಬರಿಗೈಯಲ್ಲ್ ನಿಮ್ಮ್ ಬಾಗ್ಲ್ ಹ್ಯಾಂಗ್ ತುಳುದ್ ಅಂದೇಳಿ..."

"ಬ್ಯಾಟ್ರಿ ಚಲೋದೇ ಪ್ರೇಮಾನಂದ. ಅಷ್ಟ್ ಚಲೋದ್ ಅವ ತಕಂಬವ ಅಲ್ಲ. ಅವ ತಕಂಬುದ್ ಇದ್." ಜಲಜ ಬೂಟನ್ನೆತ್ತಿ ಅವನ ಕೈಯಲ್ಲಿಟ್ಟಳು. "ಹಿಡ್ಕೋ. ಆ ದಿನ ಮನಿಗ್ ಬಂದ್ ಹೇಳ್ದ್ಯಲೆ, ಹಾಂಗೇ ಹೇಳಿ ಕೊಡ್."

ಪ್ರೇಮಾನಂದ ಸುತ್ತ ನೋಡಿದ. ಸಾಲಿನ ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ನೋಡುತ್ತಿದ್ದರು. ಚೀಲಗಳನ್ನು ಕೆಳಗಿಟ್ಟ. ಬೂಟನ್ನು ಎರಡೂ ಕೈಯಲ್ಲಿ ಹಿಡಿದ.

"ಜಲ್ಜಕ್ಕ" ಎಂದ. ಬೂಟಿನ ಧೂಳು ಒರೆಸಿ ಮತ್ತೆ ಶುರು ಮಾಡಿದ. "ಇದ್ ನಿತೇಶ ನಿಮ್ಗಂದೇಳಿ ತೆಗ್ದಿಟ್ಟದ್."

ಜಲಜ ತೆಗೆದುಕೊಂಡಳು. ತಿರುಗಿಸಿ ನೋಡಿದಳು, ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಬಾಯಿ ಬಂತು.

"ಇದೆಂತ ಮಾರಾಯ ಇದ್? ಒಂದೇ ಕಾಲಿಂದ್! ಮೀನ್ ಬುಟ್ಟಿ ಹೊತ್ಕಂಡ್ ನಾನ್ ಇದ್ರ್ ಮೇಲ್ ಜಾರ್ಕಂಡ್ ಹೋಯ್ಕಾ? ಮೈ ಮುರ್ದ್ ದುಡ್ದದ್ದನ್ನ ಹೀಂಗೆ ಹಾಳ್ ಮಾಡುದಾ? ನಿಂಗ್ ಬುದ್ಧಿ ಬಪ್ಪುದ್ ಯೇಗ್ಳಿಕೆ? ಒಂದ್ ಮಾತ್ ಕೇಂತ್ಯಾ ನೀನ್? ಹೊತ್ತಿಗ್ ಸಮ ಉಣ್ಣ್ ಅಂದೆ, ಕೇಣ್ಲಿಲ್ಲ. ರೈಲಿನ್ ಬಾಗ್ಲಲ್ಲ್ ನಿಲ್‌ಬ್ಯಾಡ ಅಂದೆ, ಎಷ್ಟ್ ಸಲ ಅಂದೆ, ಫೋನ್ ಮಾಡ್ದಾಗೆಲ್ಲ ಅಂದೆ, ಬಾಗ್ಲಲ್ಲ್ ನಿಲ್‌ಬ್ಯಾಡ ಮಗಾ, ಒಳ್ಗ್ ಹೋಗ್ ಅಂದೇಳಿ..."

ಪ್ರೇಮಾನಂದ ಅವಳ ಮುಂದೆ ಮಂಡಿಯೂರಿದ. ಇಷ್ಟು ವರ್ಷ ಅವಳನ್ನು ಜಲ್ಜಕ್ಕ ಎನ್ನುತ್ತಿದ್ದವನು, "ಇನ್ ಬಾಗ್ಲಲ್ಲ್ ನಿಲ್ಲುದಿಲ್ಲ ಅಮ್ಮ" ಎಂದ.

ಆಗ ಜಲಜ ಅತ್ತಳು. ಬೂಟನ್ನು ಎದೆಗೊತ್ತಿಕೊಂಡು, ಬಾಯಿ ತೆರೆದು, ಸಂತೆಯೆಲ್ಲ ಕೇಳುವ ಹಾಗೆ ಅತ್ತಳು. ಪದ್ದು ಕೈಯಲ್ಲಿದ್ದ ಮೀನಿನ ಪೊಟ್ಟಣವನ್ನು ಕೆಳಗಿಟ್ಟು ಅಕ್ಕನ ಬೆನ್ನ ಮೇಲೆ ಕೈಯಿಟ್ಟಳು, ಸಮಾಧಾನ ಮಾಡಲು ಹೋಗಲಿಲ್ಲ.